ಹಿತ್ತಲಿನಲ್ಲಿ ಹತ್ತು ಅನಾನಸ್ ಗಿಡ: ಹೊಸಬರಿಗೆ ಒಂದು ಪಾಠ



ಕುರೆಕುಪ್ಪದ ಹಿರಿಯ ರೈತರೊಬ್ಬರು ಒಂದು ದಿನ ಬೆಳಿಗ್ಗೆ ನನ್ನನ್ನು ಹುಡುಕಿಕೊಂಡು ಬಂದರು. ಅವರ ಕೈಯಲ್ಲಿ ಒಂದು ಅಚ್ಚಿನ ಹಾಳೆ ಇತ್ತು. ಅನಾನಸ್ ಕಂದು ಮಾರುವವನು ಅದನ್ನು ಕೊಟ್ಟು ಹೋಗಿದ್ದನಂತೆ. "ತಮ್ಮಾ, ಇದು ನಮ್ಮ ಬದುವಿನ ಕತ್ತಾಳೆ ಜಾತೀದು ಅಂತ. ನೀರು ಬೇಡ, ಆರೈಕೆ ಬೇಡ. ಅರ್ಧ ಎಕರೆ ಹಾಕಿದರೆ ಇದ್ದ ಸಾಲ ಎಲ್ಲಾ ತೀರತೈತಿ ಅಂತಾನ. ಸೊಸೈಟಿಯಾಗ ಸಾಲ ಕೇಳಬೇಕು ಅಂತ ಮಾಡೀನಿ. ನೀನು ಏನಂತಿ?" ಎಂದರು.

ನಾನು ಕೂಡಲೇ ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. "ಕಾಕಾ, ನಾಲ್ಕು ದಿನ ಟೈಮು ಕೊಡ್ರಿ. ಕೂತು ಲೆಕ್ಕ ಹಾಕೋಣ" ಎಂದೆ. ಆ ಲೆಕ್ಕವೂ, ಅದಕ್ಕೆ ಮೊದಲು ತಿಳಿದಿರಬೇಕಾದ ಸಂಗತಿಗಳೂ ಈ ಪಾಠದಲ್ಲಿವೆ. ಅನಾನಸ್ ಬೆಳೆಯಬಾರದೆಂದು ನಾನು ಹೇಳುವುದಿಲ್ಲ. ಮೊದಲು ಹಿತ್ತಲಿನಲ್ಲಿ ಹತ್ತು ಗಿಡ ಬೆಳೆಯಿರಿ, ಅವು ಹಣ್ಣು ಕೊಡುವವರೆಗೆ ಹೊಲಕ್ಕೆ ಕೈ ಹಾಕಬೇಡಿರಿ ಎಂಬುದೇ ನನ್ನ ಮಾತು.

ಅನಾನಸ್ ಯಾವ ಕುಲದ್ದು?

ಅನಾನಸ್ ಗಿಡವು ನೋಡಲು ಕತ್ತಾಳೆಯಂತೆಯೂ ಲೋಳೆಸರದಂತೆಯೂ ಕಾಣುವುದು ನಿಜ. ಆದರೆ ಈ ಮೂರೂ ಬೇರೆ ಬೇರೆ ಕುಟುಂಬದವು. ಅನಾನಸ್ಸಿನ ಕುಟುಂಬಕ್ಕೆ ಸಸ್ಯಶಾಸ್ತ್ರಜ್ಞರು ಬ್ರೊಮೇಲಿಯಾಡ್ ಕುಟುಂಬವೆಂದು ಹೆಸರಿಟ್ಟಿದ್ದಾರೆ. ಸ್ವೀಡನ್ ದೇಶದ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಓಲೋಫ್ ಬ್ರೊಮೇಲಿಯಸ್ ಎಂಬವನ ನೆನಪಿಗಾಗಿ ಬಂದ ಹೆಸರು ಇದು. ಈ ಕುಟುಂಬದಲ್ಲಿ 3,000ಕ್ಕೂ ಹೆಚ್ಚು ಜಾತಿಯ ಗಿಡಗಳಿವೆ. ಪಶ್ಚಿಮ ಆಫ್ರಿಕದ ಒಂದೇ ಒಂದು ಜಾತಿಯನ್ನು ಬಿಟ್ಟರೆ ಉಳಿದವೆಲ್ಲವೂ ಅಮೆರಿಕ ಖಂಡಗಳಲ್ಲಿ ಹುಟ್ಟಿದವು. ಜನರು ಹಣ್ಣಿಗಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವುದು ಇವುಗಳಲ್ಲಿ ಅನಾನಸ್ ಒಂದನ್ನೇ.

ಕೊಲಂಬಸನ ಜೊತೆಗಾರರು 1493ರಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನು ಕಂಡರು. ಮುಂದೆ ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರು ಇದನ್ನು ನಮ್ಮ ದೇಶಕ್ಕೆ ತಂದರು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಕರೆದ ಹೆಸರೇ ಪೋರ್ತುಗೀಸರ ಬಾಯಿಂದ ನಮ್ಮ ಬಾಯಿಗೆ ಬಂದು ಅನಾನಸ್ ಆಗಿ ಉಳಿದಿದೆ. ನಮ್ಮ ರಾಜ್ಯದಲ್ಲಿ ಬನವಾಸಿ, ಶಿರಸಿ, ಸೊರಬ, ಸಾಗರಗಳ ಕಡೆ ರೈತರು ಇದನ್ನು ಎಕರೆಗಟ್ಟಲೆ ಬೆಳೆಯುತ್ತಾರೆ. ಅವರ ನೆಲ ಬೇರೆ, ಮಳೆ ಬೇರೆ ಎಂಬುದನ್ನು ಮುಂದೆ ನೋಡುವಿರಿ.

ನೀರು ಉಳಿಸುವ ಗುಟ್ಟು

"ನೀರು ಬೇಡ" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾಮಾನ್ಯವಾಗಿ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ಬಾಯಿಗಳನ್ನು ತೆರೆದು ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ಅವುಗಳ ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಹೋಗುವುದು. ಅನಾನಸ್ ಜಾಣ ಗಿಡ. ಹಗಲಿನ ಬಹುಭಾಗ ಎಲೆಯ ಬಾಯಿ ಮುಚ್ಚಿಕೊಂಡಿದ್ದು, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ತೆಗೆದುಕೊಂಡ ಗಾಳಿಯ ಅಂಶವನ್ನು ಹುಳಿಯ ರೂಪದಲ್ಲಿ ಎಲೆಯಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಅದರಿಂದ ಆಹಾರ ತಯಾರಿಸುತ್ತದೆ.

ಈ ಸಂಗತಿಯ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲಿಯೇ. ಬೆಂಗಳೂರಿನ ಲಾಲ್‌ಬಾಗ್ ತೋಟದ ಉಸ್ತುವಾರಿ ನೋಡಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞನು ಕಾಡುಬಸಳೆಯ ಎಲೆಯನ್ನು ಅಗಿದು ನೋಡಿ, ಬೆಳಿಗ್ಗೆ ಅದು ಹುಳಿಯಾಗಿರುವುದು, ಹೊತ್ತು ಏರಿದಂತೆ ಹುಳಿ ಕಡಿಮೆಯಾಗುವುದು ಎಂದು ಕಂಡುಕೊಂಡನು. ಅದನ್ನು ಅವನು 1815ರಲ್ಲಿ ಪ್ರಕಟಿಸಿದನು. ಕಾಡುಬಸಳೆಯದೂ ಅನಾನಸ್ಸಿನದೂ ಒಂದೇ ಗುಟ್ಟು. ಕಾಡುಬಸಳೆ ನಿಮ್ಮ ಹಿತ್ತಲಿನಲ್ಲಿದ್ದರೆ ಮುಂಜಾನೆ ಒಂದು ಎಲೆ, ಸಂಜೆ ಒಂದು ಎಲೆ ಅಗಿದು ರುಚಿ ನೋಡಬಹುದು. ಮಕ್ಕಳಿಗೂ ಇದು ಒಳ್ಳೆಯ ಪಾಠ.

ಆದುದರಿಂದ ಅನಾನಸ್ ಬಾಯಾರಿಕೆಯನ್ನು ತಡೆದುಕೊಳ್ಳುತ್ತದೆ. ಆದರೆ ತಡೆದುಕೊಳ್ಳುವುದು ಬೇರೆ, ಬೆಳೆದು ಹಣ್ಣು ಕೊಡುವುದು ಬೇರೆ. ಒಂದು ಹೊತ್ತು ಉಂಡರೂ ಆಳು ಬದುಕುತ್ತಾನೆ, ಆದರೆ ಅವನಿಂದ ದಿನವಿಡೀ ಮಣ್ಣು ಹೊರಿಸಲಾಗದು. ಹಾಗೆಯೇ ಇದು.

ನಮ್ಮ ನೆಲಕ್ಕೆ ಇದು ಒಗ್ಗುವುದೇ?

ಅನಾನಸ್ಸಿಗೆ ಒಗ್ಗುವ ಬಿಸಿ ಸುಮಾರು 16ರಿಂದ 32 ಡಿಗ್ರಿ ಸೆಲ್ಸಿಯಸ್. ವರ್ಷಕ್ಕೆ 1,000ದಿಂದ 1,500 ಮಿಲಿಮೀಟರ್ ಮಳೆ ಇದ್ದರೆ ಅದಕ್ಕೆ ಸುಖ. ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು, ಮಳೆಯೋ ಅಷ್ಟು ಬೀಳುವುದಿಲ್ಲ. ಅಂದರೆ ಬಯಲು ಹೊಲದಲ್ಲಿ ನೆಟ್ಟ ಗಿಡವು ಏಪ್ರಿಲ್, ಮೇ ತಿಂಗಳಲ್ಲಿ ಎಲೆ ಸುಟ್ಟುಕೊಂಡು ನಿಲ್ಲುವುದು. ಮನೆಯ ಹಿಂದೆ, ಮರದ ಮಗ್ಗುಲಲ್ಲಿ, ನಾವು ಕೊಡುವ ನೆರಳಿನಲ್ಲಿ ಅದೇ ಗಿಡ ಬದುಕುವುದು.

ಎರಡನೆಯದು ಮಣ್ಣು. ಅನಾನಸ್ಸಿಗೆ ಬೇಕಾದದ್ದು ಸ್ವಲ್ಪ ಹುಳಿ ಗುಣದ, ನೀರು ನಿಲ್ಲದ, ಸಡಿಲವಾದ ಮಣ್ಣು. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ರಸಸಾರ 5.5ರಿಂದ 6ರ ಆಸುಪಾಸು ಇದ್ದರೆ ಉತ್ತಮ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಇಂಥದ್ದು. ನಮ್ಮ ಎರೆ ಭೂಮಿ ಇದಕ್ಕೆ ಪೂರಾ ವಿರುದ್ಧ. ಅದರಲ್ಲಿ ಸುಣ್ಣದ ಅಂಶ ಹೆಚ್ಚು, ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಕೆಂಪು ಮಸಾರಿ ನೆಲ ಎಷ್ಟೋ ವಾಸಿ.

ಒಂದು ಸುಲಭ ಪರೀಕ್ಷೆ ಇದೆ. ಒಣಗಿದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡು ಅದರ ಮೇಲೆ ಗಟ್ಟಿ ನಿಂಬೆರಸ ಹಿಂಡಿರಿ. ಸಣ್ಣಗೆ ಬುರುಗು ಎದ್ದರೆ ಆ ಮಣ್ಣಿನಲ್ಲಿ ಸುಣ್ಣ ಬಹಳ ಇದೆ ಎಂದು ತಿಳಿದು ಅದನ್ನು ಬಿಟ್ಟುಬಿಡಿರಿ. ಬುರುಗು ಏಳದಿದ್ದರೂ ನಂಬಿ ಕೂಡುವಂತಿಲ್ಲ, ಮಣ್ಣಿನ ಮಾದರಿಯನ್ನು ಪರೀಕ್ಷೆಗೆ ಕಳಿಸಲೇಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ಕಳಿಸುವ ಬಗೆ ತಿಳಿಸುತ್ತಾರೆ. ಹಗರಿಯ ಕೃಷಿ ವಿಜ್ಞಾನ ಕೇಂದ್ರದವರೂ ಸಲಹೆ ಕೊಡುತ್ತಾರೆ.

ಕಬ್ಬಿಣದ ನಾಡಿನಲ್ಲಿ ಕಬ್ಬಿಣದ ಕೊರತೆ

ನನ್ನ ಸ್ವಂತ ತಪ್ಪನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಕೃಷಿ ಡಿಪ್ಲೊಮಾ ಓದಿದವನು. ಆದರೂ ಮೊದಲ ಸಲ ಆರು ಕಂದುಗಳನ್ನು ಹಿಂದು ಮುಂದು ನೋಡದೆ ಎರೆ ಮಣ್ಣಿನಲ್ಲಿಯೇ ನೆಟ್ಟೆ. ಎರಡು ಮಳೆಗಾಲದಲ್ಲಿ ಬುಡ ಕೊಳೆತು ಹೋದವು. ಉಳಿದ ನಾಲ್ಕರ ಎಳೆಯ ಎಲೆಗಳು ಬೆಳ್ಳಗೆ, ಹಳದಿಗೆ ತಿರುಗಿದವು. ಯೂರಿಯಾ ಸಾಲದೇನೋ ಎಂದು ಯೂರಿಯಾ ಹಾಕಿದೆ. ಹಳದಿ ಹೋಗಲಿಲ್ಲ. ಪಕ್ಕದ ಮನೆಯ ಅವ್ವನವರು, "ಓದಿದ ಗ್ರಾಮಸೇವಕರ ಗಿಡಕ್ಕ ಕಾಮಾಲೆ ಆಗೇತಿ ನೋಡ್ರಿ" ಎಂದು ನಕ್ಕರು.

ಅದು ಕಬ್ಬಿಣದ ಕೊರತೆಯಾಗಿತ್ತು. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇರುವಾಗ ಗಿಡಕ್ಕೆ ಕಬ್ಬಿಣ ಸಾಲದೆ ಹೋಗುವುದು ಹೇಗೆ ಎಂದು ನೀವು ಕೇಳಬಹುದು. ಮಣ್ಣಿನಲ್ಲಿ ಕಬ್ಬಿಣ ಇದ್ದರೆ ಸಾಲದು, ಅದು ನೀರಿನಲ್ಲಿ ಕರಗಿ ಬೇರಿಗೆ ಸಿಗಬೇಕು. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಕರಗುವುದಿಲ್ಲ. ಬೀಗ ಹಾಕಿದ ಹಗೇವಿನಲ್ಲಿ ಜೋಳ ತುಂಬಿದ್ದರೂ ಒಲೆಯ ಮೇಲೆ ಎಸರು ಬರಿದೇ ಕುದಿಯುವಂತೆ ಇದು.

ನಮ್ಮ ತಾಲ್ಲೂಕಿಗೆ ಹತ್ತಿರವಾದ ಇನ್ನೊಂದು ಸಂಗತಿಯಿದೆ. ಹವಾಯಿ ದ್ವೀಪಗಳಲ್ಲಿ ಮ್ಯಾಂಗನೀಸ್ ಹೆಚ್ಚಾಗಿದ್ದ ಕಪ್ಪು ಮಣ್ಣಿನಲ್ಲಿ ಅನಾನಸ್ ತೋಟಗಳು ಹಳದಿಯಾಗಿ ಕುಗ್ಗಿದವು. ಮ್ಯಾಂಗನೀಸ್ ಅತಿಯಾದರೆ ಗಿಡವು ಕಬ್ಬಿಣವನ್ನು ಬಳಸಿಕೊಳ್ಳಲಾರದು. ಎಲೆಯ ಮೇಲೆಯೇ ಕಬ್ಬಿಣದ ಸಲ್ಫೇಟನ್ನು ಸಿಂಪಡಿಸಿದರೆ ಗಿಡ ಹಸಿರಾಗುವುದೆಂದು ಅಲ್ಲಿಯ ಸಂಶೋಧಕರು 1916ರಲ್ಲಿ ಪ್ರಕಟಿಸಿದರು. ನಮ್ಮ ಸಂಡೂರು ಗುಡ್ಡಗಳಲ್ಲಿಯೂ ಮ್ಯಾಂಗನೀಸ್ ಅದಿರು ಇದೆ. ಆದುದರಿಂದ ಗಣಿಯ ರಾಶಿಯಿಂದ ಹರಿದು ಬಂದ ಮಣ್ಣನ್ನು "ಕೆಂಪಗಿದೆ, ಚೆನ್ನಾಗಿದೆ" ಎಂದು ಚೀಲಕ್ಕೆ ತುಂಬಬಾರದು. ಬೆಳೆ ಬೆಳೆದು ನೋಡಿದ ಹೊಲದ ಮಸಾರಿಯನ್ನೇ ತನ್ನಿರಿ.

ಎಳೆಯ ಎಲೆ ಹಳದಿಯಾದಾಗ ಮಾಡಬೇಕಾದದ್ದು ಇಷ್ಟೆ: ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಹಾಕಿ ಅರ್ಧ ನಿಂಬೆಹಣ್ಣು ಹಿಂಡಿ, ಸೋಸಿ, ಸಂಜೆಯ ಹೊತ್ತು ಎಲೆಗಳ ಮೇಲೆ ಸಿಂಪಡಿಸಬೇಕು. ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಮಾಡಬೇಕು. ಉಡುಪಿಗೆ ತಾಗಿದರೆ ಕಲೆ ಹೋಗುವುದಿಲ್ಲ, ಎಚ್ಚರ. ನನ್ನ ನಾಲ್ಕು ಗಿಡಗಳಲ್ಲಿ ಮೂರು ಇದರಿಂದ ಚೇತರಿಸಿಕೊಂಡವು.

ನೆಡುವ ಸಾಮಗ್ರಿ

ಅನಾನಸ್ಸಿಗೆ ಬೀಜ ಬಿತ್ತುವ ಪದ್ಧತಿ ಇಲ್ಲ. ನೆಡಲು ಮೂರು ಬಗೆಯ ಸಾಮಗ್ರಿಗಳಿವೆ.

ಮೊದಲನೆಯದು, ಗಿಡದ ಬುಡದಲ್ಲಿ ಏಳುವ ಕಂದು. ಇದು ಅನುಕೂಲದ ಕಡೆ 15ರಿಂದ 18 ತಿಂಗಳಿನಲ್ಲಿ ಹಣ್ಣು ಕೊಡುವುದು. ಎರಡನೆಯದು, ಹಣ್ಣಿನ ಕೆಳಗೆ ತೊಟ್ಟಿನ ಮೇಲೆ ಬರುವ ಮರಿ. ಇದು ಕಂದಿಗಿಂತ ಸ್ವಲ್ಪ ತಡ. ಮೂರನೆಯದು, ಹಣ್ಣಿನ ನೆತ್ತಿಯ ಜುಟ್ಟು. ಇದಕ್ಕೆ ಸುಮಾರು ಎರಡು ವರ್ಷ ಬೇಕು. ನಮ್ಮ ಬಿಸಿಲಿನಲ್ಲಿ ಇವೆಲ್ಲಕ್ಕೂ ಇನ್ನಷ್ಟು ತಿಂಗಳು ಸೇರಿಸಿಯೇ ಲೆಕ್ಕ ಹಿಡಿಯಿರಿ.

ಹೊಸಬರಿಗೆ ಜುಟ್ಟು ಒಳ್ಳೆಯದು, ಏಕೆಂದರೆ ಅದಕ್ಕೆ ಕಾಸು ಬೇಡ. ಹೊಸಪೇಟೆಯ ಮಾರುಕಟ್ಟೆಯಿಂದ ಹಣ್ಣು ತಂದು ತಿಂದು ಜುಟ್ಟನ್ನು ತಿಪ್ಪೆಗೆ ಎಸೆಯುತ್ತೇವಷ್ಟೆ. ಅದನ್ನು ಹಣ್ಣಿನಿಂದ ತಿರುಚಿ ಕಿತ್ತು, ಅಂಟಿದ ತಿರುಳನ್ನು ತೆಗೆದು, ಕೆಳಗಿನ ಎರಡು ಮೂರು ಸುತ್ತು ಎಲೆಗಳನ್ನು ಬಿಡಿಸಿ, ನೆರಳಿನಲ್ಲಿ ಒಂದು ವಾರ ಒಣಗಲು ಬಿಡಬೇಕು. ಕಂದನ್ನೂ ಹೀಗೆಯೇ ಕೆಳಗಿನ ಒಣ ಎಲೆ ಬಿಡಿಸಿ ವಾರ ಕಾಲ ಇಡಬೇಕು. ಗಾಯ ಒಣಗುವ ಮೊದಲೇ ನೆಟ್ಟರೆ ಅದು ಕೊಳೆಯುವುದು. ವಾರ ಕಾಯುವ ತಾಳ್ಮೆ ಇಲ್ಲದೆ ಗಿಡ ಕಳೆದುಕೊಂಡವರೇ ಹೆಚ್ಚು.

ತಳಿಗಳಲ್ಲಿ ಕ್ಯೂ ಎಂಬುದು ದೊಡ್ಡ ಹಣ್ಣಿನದು. ಒಳ್ಳೆಯ ಆರೈಕೆಯಲ್ಲಿ ಹಣ್ಣು ಒಂದೂವರೆಯಿಂದ ಮೂರು ಕಿಲೋ ತೂಗುವುದು. ಎಲೆಯ ತುದಿಯಲ್ಲಿ ಮಾತ್ರ ಮುಳ್ಳು ಇರುವುದರಿಂದ ಮಕ್ಕಳು ಓಡಾಡುವ ಹಿತ್ತಲಿಗೆ ಇದು ಅನುಕೂಲ. ಕ್ವೀನ್ ಎಂಬುದು ಚಿಕ್ಕ ಹಣ್ಣಿನದು, ಸುಮಾರು ಒಂದು ಕಿಲೋ ತೂಕ, ಬಣ್ಣ ಮತ್ತು ಪರಿಮಳ ಹೆಚ್ಚು. ಆದರೆ ಎಲೆಯ ಅಂಚಿನ ಉದ್ದಕ್ಕೂ ಮುಳ್ಳು.

ಗುಣಿ ಮತ್ತು ಚೀಲ

ನಾಟಿಗೆ ಒಳ್ಳೆಯ ಕಾಲ ಮುಂಗಾರು ಹಿಡಿದ ಮೇಲೆ, ಜೂನ್ ಅಥವಾ ಜುಲೈ. ಆಗ ನೆಟ್ಟರೆ ಮುಂದಿನ ಬೇಸಿಗೆ ಬರುವಷ್ಟರಲ್ಲಿ ಬೇರು ಊರಿರುತ್ತದೆ.

ನಿಮ್ಮ ಹಿತ್ತಲು ಮಸಾರಿ ನೆಲವಾಗಿದ್ದರೆ ಒಂದು ಅಡಿ ಅಗಲ, ಒಂದು ಅಡಿ ಆಳದ ಗುಣಿಗಳನ್ನು ಎರಡು ಅಡಿಗೊಂದರಂತೆ ತೆಗೆಯಿರಿ. ಎರೆ ನೆಲವಾಗಿದ್ದರೆ ಗುಣಿಯ ಆಸೆ ಬಿಟ್ಟು ಹಳೆಯ ಸಿಮೆಂಟು ಚೀಲ, ಒಡೆದ ಬಕೀಟು ಅಥವಾ ಡಬ್ಬಿಗಳನ್ನು ಬಳಸಿರಿ. ಕೆಳಗೆ ನಾಲ್ಕಾರು ತೂತು ಮಾಡಿ, ತಳದಲ್ಲಿ ಎರಡು ಅಂಗುಲ ಹೆಂಚಿನ ಚೂರು ಹಾಕಿರಿ. ಸಿಮೆಂಟು ಚೀಲವನ್ನು ಮೊದಲು ಚೆನ್ನಾಗಿ ಕೊಡವಿ ತೊಳೆಯಬೇಕು, ಏಕೆಂದರೆ ಸಿಮೆಂಟಿನಲ್ಲಿಯೂ ಸುಣ್ಣವೇ ಇರುವುದು.

ತುಂಬುವ ಮಣ್ಣಿನ ಹದ ಹೀಗೆ: ಎರಡು ಪುಟ್ಟಿ ಮಸಾರಿ ಮಣ್ಣು, ಒಂದು ಪುಟ್ಟಿ ಉಸುಕು, ಒಂದು ಪುಟ್ಟಿ ಪೂರಾ ಕಳಿತ ತಿಪ್ಪೆಗೊಬ್ಬರ. ಹಸಿ ಸಗಣಿ ಬೇಡ. ಬೂದಿಯನ್ನಂತೂ ಹಾಕಲೇಬಾರದು, ಅದು ಮಣ್ಣಿನ ಹುಳಿಯನ್ನು ಮುರಿಯುವುದು.

ಕಂದನ್ನು ಮೂರು ನಾಲ್ಕು ಅಂಗುಲ ಆಳಕ್ಕೆ ಇಟ್ಟು ಸುತ್ತ ಮಣ್ಣನ್ನು ಒತ್ತಬೇಕು. ಜುಟ್ಟನ್ನು ಇನ್ನೂ ಮೇಲೆ, ಬುಡ ಮುಚ್ಚುವಷ್ಟು ಮಾತ್ರ. ಎಲೆಗಳ ನಡುವಿನ ಸುಳಿಯಲ್ಲಿ ಮಣ್ಣು ಬೀಳಬಾರದು. ಬಿದ್ದರೆ ಸುಳಿ ಕೊಳೆಯುವುದು. ನೆಟ್ಟ ಮೇಲೆ ಬುಡದ ಸುತ್ತ ಶೇಂಗಾ ಹೊಟ್ಟು ಅಥವಾ ಒಣ ಹುಲ್ಲನ್ನು ಎರಡು ಅಂಗುಲ ಹರಡಿರಿ. ತೇವ ಉಳಿಯುವುದು, ಕಳೆ ಕಡಿಮೆಯಾಗುವುದು.

ನೆರಳು, ನೀರು, ಗೊಬ್ಬರ

ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನದ ಬಿಸಿಲು ಬೀಳದ ಜಾಗ ಆರಿಸಿರಿ. ಮನೆಯ ಮೂಡಣ ಗೋಡೆಯ ಮಗ್ಗುಲು, ತೆಂಗು, ನುಗ್ಗೆ ಅಥವಾ ಬೇವಿನ ಚೂರುಚೂರು ನೆರಳು ಸರಿ. ಮರ ಇಲ್ಲದಿದ್ದರೆ ಫೆಬ್ರವರಿಯಿಂದ ಮೇ ಕೊನೆಯವರೆಗೆ ನಾಲ್ಕು ಗೂಟ ನೆಟ್ಟು ಮೇಲೆ ತೆಂಗಿನ ಗರಿ ಹೊದಿಸಬಹುದು. ಕತ್ತಲೆ ಮೂಲೆಯಲ್ಲಿಟ್ಟರೆ ಎಲೆ ಉದ್ದವಾಗುವುದೇ ಹೊರತು ಹಣ್ಣು ಬಾರದು.

ನೀರಿನ ವಿಷಯದಲ್ಲಿ ಬೆರಳೇ ಅಳತೆ. ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಿರಿ. ಒಣಗಿದ್ದರೆ ಒಂದು ತಂಬಿಗೆ ನೀರು ಹಾಕಿರಿ, ತೇವವಿದ್ದರೆ ಬಿಡಿರಿ. ಬೇಸಿಗೆಯಲ್ಲಿ ಚೀಲದ ಗಿಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ, ನೆಲದ ಗಿಡಕ್ಕೆ ವಾರಕ್ಕೊಮ್ಮೆ ಬೇಕಾಗಬಹುದು. ಮಳೆಗಾಲದಲ್ಲಿ ನೀರು ಹಾಕುವುದಕ್ಕಿಂತ ನಿಂತ ನೀರನ್ನು ಬಸಿಯುವುದೇ ಕೆಲಸ.

ಬಚ್ಚಲ ನೀರನ್ನು ಬಾಳೆಗೆ ಬಿಡುವುದು ನಮ್ಮ ರೂಢಿ. ಅನಾನಸ್ಸಿಗೆ ಸಾಬೂನು, ಬಟ್ಟೆ ಸೋಡಾ ಬೆರೆತ ನೀರು ಆಗದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು, ಕೊಡ ತೊಳೆದ ನೀರು ಸಾಕು. ಕೆಲವು ಕೊಳವೆ ಬಾವಿಗಳ ನೀರು ಗಡುಸು, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕೂಡುವುದು. ಅಂಥ ನೀರನ್ನೇ ದಿನವೂ ಹಾಕಿದರೆ ಒಳ್ಳೆಯ ಮಣ್ಣು ಕೂಡ ಕ್ರಮೇಣ ಸುಣ್ಣದ ಮಣ್ಣಾಗುವುದು. ಮಳೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಟ್ಟುಕೊಂಡರೆ ಈ ಗಿಡಕ್ಕೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ.

ಅದಿರಿನ ಲಾರಿಗಳು ಓಡಾಡುವ ದಾರಿಯ ಹತ್ತಿರ ಮನೆ ಇರುವವರು ವಾರಕ್ಕೊಮ್ಮೆ ಎಲೆಯ ಮೇಲಿನ ಧೂಳನ್ನು ನೀರು ಚಿಮುಕಿಸಿ ತೊಳೆಯಬೇಕು. ಧೂಳು ಕೂತ ಎಲೆಗೆ ಬೆಳಕು ಸಿಗದು.

ಗೊಬ್ಬರಕ್ಕೆ ಅಮೋನಿಯಂ ಸಲ್ಫೇಟ್ ಉತ್ತಮ, ಅದು ಮಣ್ಣನ್ನು ಸ್ವಲ್ಪ ಹುಳಿಯ ಕಡೆಗೂ ತಿರುಗಿಸುವುದು. ನೆಟ್ಟ ಎರಡು ತಿಂಗಳಾದ ಮೇಲೆ ಎರಡೆರಡು ತಿಂಗಳಿಗೊಮ್ಮೆ ಗಿಡಕ್ಕೆ 10 ಗ್ರಾಂನಂತೆ ಆರು ಸಲ ಕೊಡಬೇಕು. ಪೊಟ್ಯಾಷ್ ಗೊಬ್ಬರವನ್ನು ನಾಟಿಯ ಹೊತ್ತಿಗೆ 10 ಗ್ರಾಂ, ಆರು ತಿಂಗಳಿಗೆ 10 ಗ್ರಾಂ ಕೊಟ್ಟರೆ ಸಾಕು. ಗೊಬ್ಬರವನ್ನು ಬುಡದ ಸುತ್ತ ಹಾಕಿ ನೀರು ಕೊಡಬೇಕು, ಸುಳಿಯೊಳಗೆ ಬೀಳದಂತೆ ನೋಡಿಕೊಳ್ಳಬೇಕು.

ಹೂವು ಮತ್ತು ಹಣ್ಣು

ಗಿಡದಲ್ಲಿ ಮೂವತ್ತೈದರಿಂದ ನಲವತ್ತು ಎಲೆಗಳಾದಾಗ ಅದು ಹೂವಿಗೆ ಸಿದ್ಧವೆಂದು ತಿಳಿಯಬೇಕು. ಚಳಿಗಾಲದ ತಂಪು ರಾತ್ರಿಗಳು ಹೂವನ್ನು ಎಬ್ಬಿಸುತ್ತವೆ. ನಡುಸುಳಿ ಕೆಂಪಗೆ ತಿರುಗಿದರೆ ಹೂವು ಬರುವ ಸೂಚನೆ. ಹಣ್ಣಿನ ಮೇಲೆ ಕಾಣುವ ಒಂದೊಂದು ಕಣ್ಣೂ ಒಂದೊಂದು ಹೂವಾಗಿತ್ತು. ನೂರರಿಂದ ಇನ್ನೂರು ಹೂವುಗಳ ಕಾಯಿಗಳು ಕೂಡಿ ಒಂದೇ ಹಣ್ಣಾಗುತ್ತವೆ.

ಎಲೆ ತುಂಬಿದ್ದರೂ ಹೂವು ಬಾರದಿದ್ದರೆ ಒಂದು ಮನೆಮದ್ದು ಮಾಡಿ ನೋಡಬಹುದು. ಸುಳಿಯಲ್ಲಿ ನಿಂತ ನೀರನ್ನು ಬಸಿದು, ಬುಡದ ಬಳಿ ಎರಡು ಕಳಿತ ಬಾಳೆಹಣ್ಣು ಇಟ್ಟು, ಗಿಡಕ್ಕೆ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಕವಿಚಿ, ನೆರಳಿನಲ್ಲಿ ಐದಾರು ದಿನ ಬಿಡಬೇಕು. ಹಣ್ಣು ಕಳಿಯುವಾಗ ಎಥಿಲೀನ್ ಎಂಬ ಅನಿಲ ಹೊರಡುತ್ತದೆ, ಅದು ಹೂವನ್ನು ಎಬ್ಬಿಸುತ್ತದೆ. ಹೊಗೆಯಲ್ಲಿಯೂ ಇದೇ ಅನಿಲ ಇರುವುದು. ಬಿಸಿಲಿನಲ್ಲಿ ಚೀಲ ಕವಿಚಿದರೆ ಗಿಡ ಬೆಂದುಹೋಗುವುದು, ಎಚ್ಚರ. ತೋಟಗಳಲ್ಲಿ ಇದಕ್ಕೆ ಎಥೆಫಾನ್ ಎಂಬ ಔಷಧ ಬಳಸುತ್ತಾರೆ. ಹತ್ತು ಗಿಡದವರಿಗೆ ಅದು ಬೇಡ.

ಹೂವಾದ ಸುಮಾರು ಐದು ತಿಂಗಳಿಗೆ ಹಣ್ಣು. ಬೇಸಿಗೆಯಲ್ಲಿ ಕಾಯಿಯ ಮಗ್ಗುಲು ಸುಡದಂತೆ ಒಣ ಹುಲ್ಲು ಹೊದಿಸಿರಿ. ಕಣ್ಣುಗಳು ಚಪ್ಪಟೆಯಾಗಿ, ಬುಡದ ಕಡೆ ಹಳದಿ ತಿರುಗಿ, ವಾಸನೆ ಬಂದಾಗ ಕೊಯ್ಯಬೇಕು. ಮಾವಿನಂತೆ ಇದನ್ನು ಹಸಿಯಾಗಿ ಕೊಯ್ದು ಅಡೆ ಹಾಕಿದರೆ ಬಣ್ಣ ಬಂದೀತೇ ಹೊರತು ಸಿಹಿ ಏರದು. ಒಂದು ಗಿಡ ಒಂದೇ ಹಣ್ಣು ಕೊಡುವುದು. ಆಮೇಲೆ ಬುಡದ ಕಂದುಗಳಲ್ಲಿ ಗಟ್ಟಿಯಾದ ಒಂದನ್ನು ಮುಂದಿನ ಬೆಳೆಗೆ ಉಳಿಸಿ, ಮಿಕ್ಕವನ್ನು ನೆರೆಯವರಿಗೆ ಕೊಡಿರಿ.

ಶತ್ರುಗಳು

ಎಲೆಯ ಬುಡದಲ್ಲಿ ಬಿಳಿ ಹಿಟ್ಟಿನಂತಹ ತಿಗಣೆ ಕೂತರೆ ಗಿಡ ಕ್ರಮೇಣ ಬಾಡುವುದು. ಅದನ್ನು ಹೊತ್ತು ತಂದು ಕಾಯುವುದು ಇರುವೆ. ಇರುವೆಯ ಸಾಲು ಕಂಡ ದಿನವೇ ಗಿಡ ಬಿಡಿಸಿ ನೋಡಿ, ಬಟ್ಟೆಯಿಂದ ಒರೆಸಿ ತೆಗೆಯಬೇಕು. ಸುಳಿಯ ಎಲೆ ಹಿಡಿದೆಳೆದರೆ ಕೈಗೆ ಬಂದು ದುರ್ನಾತ ಹೊಡೆದರೆ ಅದು ಸುಳಿಕೊಳೆ. ಅಂಥ ಗಿಡವನ್ನು ಕಿತ್ತು ದೂರ ಸುಡಬೇಕು, ನೀರು ಬಸಿಯುವ ದಾರಿ ಸರಿಪಡಿಸಬೇಕು. ಹಣ್ಣಿನ ವಾಸನೆಗೆ ಕೋತಿಗಳು ಬರುವುದನ್ನು ಹಂಪಿ, ಕಮಲಾಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ದರೋಜಿ ಕರಡಿಧಾಮದ ಆಸುಪಾಸಿನ ಊರವರು ಹಣ್ಣಿನ ಗಿಡವನ್ನು ಮನೆಯಿಂದ ದೂರದ ಹೊಲದಲ್ಲಿ ಇಡದಿರುವುದೇ ಲೇಸು.

ಅನಾನಸ್ಸಿನ ಬಂಧುಗಳಾದ ಬಣ್ಣದ ಬ್ರೊಮೇಲಿಯಾಡ್ ಗಿಡಗಳನ್ನು ಪಟ್ಟಣದ ನರ್ಸರಿಗಳಲ್ಲಿ ಅಲಂಕಾರಕ್ಕೆ ಮಾರುತ್ತಾರೆ. ಅವುಗಳಲ್ಲಿ ಕೆಲವು ಎಲೆಗಳ ನಡುವೆ ಬಟ್ಟಲಿನಂತೆ ನೀರು ಹಿಡಿದಿಟ್ಟುಕೊಂಡು ಬದುಕುತ್ತವೆ. ಶಾಲೆಗೋ ಮನೆಗೋ ಯಾರಾದರೂ ತಂದಿದ್ದರೆ ಆ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಹೊಸ ನೀರು ಹಾಕಬೇಕು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಡಲು ಅಷ್ಟು ನೀರು ಸಾಕು.

ಅರ್ಧ ಎಕರೆಯ ಲೆಕ್ಕ

ಈಗ ಕಾಕಾ ಅವರ ಲೆಕ್ಕಕ್ಕೆ ಬರೋಣ. ತೋಟದ ಪದ್ಧತಿಯಲ್ಲಿ ಜೋಡಿ ಸಾಲು ಮಾಡಿ, ಗಿಡದಿಂದ ಗಿಡಕ್ಕೆ 30, ಸಾಲಿನಿಂದ ಸಾಲಿಗೆ 60, ಜೋಡಿಯಿಂದ ಜೋಡಿಗೆ 90 ಸೆಂಟಿಮೀಟರ್ ಬಿಟ್ಟರೆ ಎಕರೆಗೆ ಸುಮಾರು 18,000 ಕಂದು ಹಿಡಿಯುವುವು. ಅರ್ಧ ಎಕರೆಗೆ 9,000. ಹಾಳೆಯಲ್ಲಿ ಒಂದು ಕಂದಿನ ಬೆಲೆ ಮಾತ್ರ ಬರೆದಿತ್ತು, ಎಷ್ಟು ಕಂದು ಬೇಕೆಂದು ಬರೆದಿರಲಿಲ್ಲ. ಕಾಕಾ ಅವರ ಮಗಳು ಕಾಗದದ ಮೇಲೆ ಗುಣಿಸಿ ತೋರಿಸಿದಳು. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ.

ಅದರ ಮೇಲೆ ಇನ್ನೂ ಇವೆ. ಹಣ್ಣು ಕೈಗೆ ಬರಲು ಒಂದೂವರೆ ಎರಡು ವರ್ಷ. ಅಷ್ಟರಲ್ಲಿ ಅದೇ ನೆಲ ಜೋಳವನ್ನೋ ಶೇಂಗಾವನ್ನೋ ಎರಡು ಸಲ ಕೊಡುತ್ತಿತ್ತು. ಸಾಲದ ಬಡ್ಡಿ ಹಣ್ಣಿಗಾಗಿ ಕಾಯುವುದಿಲ್ಲ. ಬನವಾಸಿಯವರ ಗಿಡಕ್ಕೆ ಮಳೆರಾಯನೇ ಬಹುಪಾಲು ನೀರು ಹಾಕುತ್ತಾನೆ, ನಮ್ಮ ಗಿಡಕ್ಕೆ ನೆರಳನ್ನೂ ನೀರನ್ನೂ ನಾವೇ ದುಡ್ಡು ಕೊಟ್ಟು ಒದಗಿಸಬೇಕು. ಇಬ್ಬರ ಹಣ್ಣೂ ಒಂದೇ ಮಾರುಕಟ್ಟೆಯಲ್ಲಿ ಕೂತರೆ ಯಾರು ಕಡಿಮೆಗೆ ಕೊಡಬಲ್ಲರು? ಇದನ್ನು ನೀವೇ ಯೋಚಿಸಿರಿ.

ಇಷ್ಟಾದ ಮೇಲೂ ಹತ್ತು ಗಿಡದಿಂದ ನಷ್ಟವಿಲ್ಲ. ಅರ್ಧ ಕೆಟ್ಟರೂ ಹೋಗುವುದು ಐದು ಚೀಲ ಮಣ್ಣು. ಬದುಕಿದರೆ ಮನೆಯ ಮಕ್ಕಳಿಗೆ ಹಣ್ಣು, ಮುಂದಿನ ವರ್ಷಕ್ಕೆ ಕಾಸಿಲ್ಲದ ಕಂದು, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮದೇ ನೆಲದ ಅನುಭವ. ಆ ಅನುಭವ ನೋಡಿಕೊಂಡು ಆಮೇಲೆ ಒಂದು ಗುಂಟೆ, ಎರಡು ಗುಂಟೆ ಎಂದು ಹೆಜ್ಜೆ ಇಡಬಹುದು.

ಕಾಕಾ ಸೊಸೈಟಿಗೆ ಹೋಗಲಿಲ್ಲ. ಅವರ ಹಿತ್ತಲಿನಲ್ಲಿ, ನುಗ್ಗೆ ಮರದ ಕೆಳಗೆ, ಈಗ ಹತ್ತು ಚೀಲಗಳಿವೆ. ಏಳರಲ್ಲಿ ಜುಟ್ಟು, ಮೂರರಲ್ಲಿ ನಾನು ಕೊಟ್ಟ ಕಂದು. ಒಂದು ಜುಟ್ಟು ಕೊಳೆಯಿತು. "ವಾರ ಒಣಗಸ್ರಿ ಅಂದಿದ್ದಿ, ನಾನು ಎರಡು ದಿನಕ್ಕ ನೆಟ್ಟೆ" ಎಂದು ಅವರೇ ಒಪ್ಪಿಕೊಂಡರು. ಉಳಿದ ಒಂಬತ್ತು ಹಸಿರಾಗಿವೆ. ನೋಡಬೇಕೆನ್ನುವವರು ಸಂಜೆಯ ಹೊತ್ತು ನನ್ನ ಜೊತೆಗೆ ಬರಬಹುದು.

ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನನ್ನ ಹಿತ್ತಲಿನ ಮಣ್ಣು ಎರೆಯೋ ಮಸಾರಿಯೋ? ನಿಂಬೆರಸಕ್ಕೆ ಬುರುಗು ಎದ್ದಿತೇ?
2. ಮಧ್ಯಾಹ್ನದ ಬಿಸಿಲು ಬೀಳದ ಜಾಗ ಎಲ್ಲಿದೆ?
3. ಸಾಬೂನಿಲ್ಲದ ನೀರು ದಿನಕ್ಕೆ ಎಷ್ಟು ತಂಬಿಗೆ ಉಳಿಯುವುದು?
4. ಎಳೆಯ ಎಲೆ ಹಳದಿಯಾದರೆ ಯೂರಿಯಾ ಹಾಕಬೇಕೋ, ಅನ್ನಭೇದಿ ಸಿಂಪಡಿಸಬೇಕೋ?
5. ಯಾರಾದರೂ ಕಂದಿನ ಬೆಲೆ ಹೇಳಿದರೆ, ನಾನು ಅದನ್ನು ಎಷ್ಟರಿಂದ ಗುಣಿಸಬೇಕು?

ಉತ್ತರಗಳನ್ನು ಬರೆದಿಟ್ಟುಕೊಳ್ಳಿರಿ. ಬರೆಯಲು ಬಾರದವರು ಮನೆಯ ಮಕ್ಕಳ ಕೈಯಲ್ಲಿ ಬರೆಸಿರಿ. ಮುಂದಿನ ಸಲ ನಾನು ನಿಮ್ಮ ಊರಿಗೆ ಬಂದಾಗ ಒಟ್ಟಿಗೆ ಕೂತು ನೋಡೋಣ.